ಒಂದೂ ಕಮ್ಮಿ ಇರಬಾರದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಡಲು ಈಗ ಏನೂ ಉಳಿದಿಲ್ಲ. ನನ್ನ ಹೊಟ್ಟೆಕಿಚ್ಚನ್ನು ನನ್ನದೇ ದನಿಯಲ್ಲಿ, ಒಂದು ಕಚೇರಿಯಲ್ಲಿ, ಏಳು ಜನರ ಎದುರು ಎರಡು ಸಲ ಹಾಕಿ ಕೇಳಿಸಿದ್ದಾರೆ.

ಹೊಟ್ಟೆಕಿಚ್ಚು ನನ್ನ ಓರಗಿತ್ತಿಯ ಮೇಲೆ. ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಅವಳು ಸೀನಿದರೆ ನನಗೆ ಕೇಳುತ್ತದೆ. ಕೆಲಸವೂ ಒಂದೇ ಕಡೆ, ಆಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲೂ ನಮ್ಮಿಬ್ಬರ ನಡುವೆ ಒಂದು ಗೋಡೆ ಇದೆ.

ಆ ಗೋಡೆಯೊಳಗೆ ಆರು ದೊಡ್ಡ ಮೆಷಿನ್‌ಗಳನ್ನು ಹುಗಿದಿದ್ದಾರೆ. ಒಂದೊಂದಕ್ಕೂ ಎರಡು ಬಾಗಿಲು. ಈ ಕಡೆಯ ಬಾಗಿಲಿಂದ ನಾವು ಕೊಳೆ ಬಟ್ಟೆ ತುಂಬುತ್ತೇವೆ. ಆ ಕಡೆಯ ಬಾಗಿಲಿಂದ ಅವರು ಒಗೆದ ಬಟ್ಟೆ ತೆಗೆಯುತ್ತಾರೆ. ಎರಡು ಬಾಗಿಲೂ ಒಟ್ಟಿಗೆ ತೆರೆಯುವುದಿಲ್ಲ. ನಮ್ಮ ಬಾಗಿಲ ಮೇಲೆ ‘ಕೊಳೆ ಕಡೆ’ ಎಂದು ಬರೆದಿದ್ದಾರೆ. ಅವರ ಬಾಗಿಲ ಮೇಲೆ ‘ಶುಭ್ರ ಕಡೆ’.

ಕೊಳೆ ಕಡೆಯ ಕೆಲಸ ಗಂಟು ಬಿಚ್ಚುವುದು. ವಾರ್ಡುಗಳಿಂದ ಗಂಟು ಬರುತ್ತದೆ. ರಕ್ತದ್ದು ಬೇರೆ, ಹೇಲು ವಾಂತಿಯದ್ದು ಬೇರೆ, ಬರೀ ಬೆವರಿನದು ಬೇರೆ. ಕೈಯಿಂದಲೇ ಬೇರೆ ಮಾಡಬೇಕು. ಒಂದೊಂದು ಚಾದರವನ್ನೂ ಬಿಡಿಸಿ ಕೊಡವಬೇಕು. ಒಳಗೆ ಸೂಜಿ ಇರುತ್ತದೆ, ಚಮಚ ಇರುತ್ತದೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಇತ್ತು. ನೆನೆದ ಚಾದರ ಹೆಣಭಾರ. ಮಧ್ಯಾಹ್ನದ ಹೊತ್ತಿಗೆ ಗ್ಲೌಸು ಹರಿದಿರುತ್ತದೆ, ಎರಡನೇ ಜೊತೆ ಕೇಳಿದರೆ ಬೈಗುಳ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ್ದೇನೆ. ನಾನು ಹಾಕಿದ ಒಂದು ಚಾದರವೂ ಬೆಳ್ಳಗಾಗಿ ಹೊರಗೆ ಬಂದದ್ದನ್ನು ನೋಡಿಲ್ಲ. ಅದನ್ನು ನೋಡುವವಳು ನನ್ನ ಓರಗಿತ್ತಿ.

ಅವಳನ್ನು ಕೆಲಸಕ್ಕೆ ಸೇರಿಸಿದ್ದೇ ನಾನು. ಮೂರು ವರ್ಷದ ಹಿಂದೆ ಕೈಹಿಡಿದು ಕರೆದುಕೊಂಡು ಹೋದೆ. ಸೂಪರ್‌ವೈಸರ್ ಅವಳ ಕೈ ಬೆರಳು ನೋಡಿದ, ಮುಖ ನೋಡಿದ, “ಮಡಿಸೋಕೆ ಚೆನ್ನಾಗಿದೆ” ಅಂದ. ಶುಭ್ರ ಕಡೆಗೆ ಕಳಿಸಿದ. ನಾನು ಹದಿನಾಲ್ಕು ವರ್ಷದಲ್ಲಿ ದಾಟದ ಗೋಡೆಯನ್ನು ಅವಳು ಒಂದೇ ಬೆಳಗ್ಗೆ ದಾಟಿದಳು. ಅವಳಿಗೆ ಬಿಳಿ ಕೋಟು, ನನಗೆ ಹಸಿರು. ಅವರು ಕ್ಯಾಂಟೀನಿನ ಒಳಗೆ ಕೂತು ಚಹಾ ಕುಡಿಯುತ್ತಾರೆ. ನಮಗೆ ಕಿಟಕಿಯಿಂದ ಕೊಡುತ್ತಾರೆ, ಕಾಗದದ ಲೋಟದಲ್ಲಿ. ಸ್ನಾನ ಮಾಡಿ ಬಟ್ಟೆ ಬದಲಿಸಿ ಹೋದರೂ ಕಿಟಕಿಯೇ.

“ಸ್ನಾನ ಮಾಡಿದ ಮೇಲೂ ಸೋಂಕು ಎಲ್ಲಿರುತ್ತೆ?” ಎಂದು ಸೂಪರ್‌ವೈಸರನ್ನು ಕೇಳಿದ್ದೆ.

“ರೂಲ್ಸು” ಅಂದ.

ಅವನನ್ನು ನಾವು ಬಿಳಿ ಬೂಟು ಎಂದು ಕರೆಯುತ್ತೇವೆ. ನಮ್ಮ ನೆಲದ ಮೇಲೆ ಒಂದು ಹಳದಿ ಗೆರೆ ಇದೆ. ಅವನ ಬೂಟು ಒಂದು ದಿನವೂ ಆ ಗೆರೆ ದಾಟಿಲ್ಲ. ಆಚೆ ನಿಂತು ಕೂಗುತ್ತಾನೆ.

ಕ್ರೆಡಿಟ್ ಕಾರ್ಡಿನವನು ಬಂದದ್ದು ಶುಭ್ರ ಕಡೆಗೆ. ಕ್ಯಾಂಟೀನಿನಲ್ಲಿ ಮೇಜು ಹಾಕಿಕೊಂಡು ಕೂತ. ಟೈ ಕಟ್ಟಿದ್ದ, ಹಾಗಾಗಿ ಅವನಿಗೆ ಟೈ ಎಂದೇ ಹೆಸರಾಯಿತು. ನಾನು ಕಿಟಕಿಯಲ್ಲಿ ಲೋಟ ಹಿಡಿದು ನಿಂತು ನೋಡಿದೆ. ಮಡಿಸುವ ಹೆಂಗಸರು ಒಬ್ಬೊಬ್ಬರಾಗಿ ಸಹಿ ಹಾಕುತ್ತಿದ್ದರು. ನನ್ನ ಓರಗಿತ್ತಿ ಕೂತು, ಕಾಲ ಮೇಲೆ ಕಾಲು ಹಾಕಿ, ಸಹಿ ಹಾಕಿದಳು. ಟೈ ಅವಳಿಗೆ ಎರಡೂ ಕೈಯಿಂದ ಪೆನ್ನು ಕೊಟ್ಟ. ನನಗೆ ಇವತ್ತಿನವರೆಗೆ ಯಾರೂ ಎರಡು ಕೈಯಿಂದ ಏನನ್ನೂ ಕೊಟ್ಟಿಲ್ಲ.

“ನಮಗೆ?” ಎಂದು ಬಿಳಿ ಬೂಟನ್ನು ಕೇಳಿದೆ.

“ಆ ಕಡೆಯವರಿಗೆ ಇಲ್ಲ” ಅಂದ. “ನಿಮ್ಮನ್ನೆಲ್ಲ ಯಾರು ನಂಬ್ತಾರೆ?”

ಹತ್ತು ದಿನಕ್ಕೆ ಅವಳ ಮನೆಗೆ ವಾಷಿಂಗ್ ಮೆಷಿನ್ ಬಂತು. ಮುಂದೆ ಗಾಜಿನ ಬಾಗಿಲು. ಏಳು ಕೆಜಿ. ನಾನು ದಿನವಿಡೀ ಊರವರ ಹೊಲಸು ತುಂಬಿ, ಮನೆಗೆ ಬಂದು, ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಡನ ಪ್ಯಾಂಟು ಉಜ್ಜುತ್ತಿದ್ದೆ. ಗೋಡೆಯ ಆಚೆ ಅವಳ ಮೆಷಿನ್ ತಿರುಗುತ್ತಿತ್ತು. ಕೊನೆಯಲ್ಲಿ ಅದು ಜೋರಾಗಿ ಸುತ್ತಿ ನೀರು ಹಿಂಡುತ್ತದೆ. ಆ ಸದ್ದಿಗೆ ನನ್ನ ಮನೆಯ ತಟ್ಟೆಗಳು ಅಲುಗುತ್ತಿದ್ದವು. ನನ್ನ ಹೊಟ್ಟೆಯೊಳಗೂ ಏನೋ ಸುತ್ತುತ್ತಿತ್ತು. ಗಂಡ, “ಅವಳು ಹೇಳಿದ್ದಾಳಲ್ಲ, ನಮ್ಮದನ್ನೂ ಅದರಲ್ಲೇ ಹಾಕು ಅಂತ” ಅಂದ. ಸಾಯುತ್ತೇನೆಯೇ ಹೊರತು ಹಾಕುವುದಿಲ್ಲ ಅಂದೆ.

ಒಂದು ಭಾನುವಾರ ಅವಳ ಮನೆಗೆ ಹೋದೆ. ಮೆಷಿನ್ ಮೇಲೆ ಟೈಯ ಚೀಟಿ ಇತ್ತು, ಅವನ ನಂಬರಿತ್ತು. ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಮನೆಗೆ ಓಡಿ ಬಂದು ಫೋನ್ ಮಾಡಿದೆ. ಅವನು ಏನೇನೋ ವಿವರಿಸಲು ಶುರುಮಾಡಿದ. ನನಗೆ ವಿವರ ಬೇಕಿರಲಿಲ್ಲ. ಏನು ಬೇಕಿತ್ತೋ ಅದನ್ನು ಹೇಳಿದೆ, ಅವನು ಆಯ್ತಮ್ಮ ಅಂದ, ಇಟ್ಟೆ. ಏನು ಹೇಳಿದೆ ಎಂದು ಸಂಜೆಗೆ ಮರೆತೂ ಹೋಯಿತು.

ಕಾರ್ಡು ಬಂತು. ಅದರ ಹಿಂದೆಯೇ ಮೆಷಿನ್ ಬಂತು. ನಾನು ತಂದದ್ದು ಎಂಟು ಕೆಜಿಯದು. ಅವಳದ್ದಕ್ಕಿಂತ ಒಂದು ಕೆಜಿ ದೊಡ್ಡದು. ಅಂಗಡಿಯವನು “ಮೂರು ಜನಕ್ಕೆ ಆರು ಕೆಜಿ ಸಾಕಮ್ಮ” ಅಂದ. ಅವನಿಗೇನು ಗೊತ್ತು? ಬಚ್ಚಲಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಮಂಚದ ಪಕ್ಕದಲ್ಲಿ ನಿಲ್ಲಿಸಿದೆವು. ಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟೆವು. ಮಗಳು ಅದರ ಮೇಲೆ ಪುಸ್ತಕ ಇಟ್ಟುಕೊಂಡು ನಿಂತು ಓದುತ್ತಿದ್ದಳು. ಅದು ಸುತ್ತುವಾಗ ಓರಗಿತ್ತಿಯ ಮನೆಯ ತಟ್ಟೆ ಅಲುಗಬೇಕೆಂದು ಗೋಡೆಗೆ ಇನ್ನೂ ಹತ್ತಿರ ಸರಿಸಿದೆ. ಆ ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನನ್ನ ಹಿಂದೆ ನಮ್ಮ ಕಡೆಯ ಇನ್ನೂ ಐವರು ಕಾರ್ಡು ತೆಗೆದುಕೊಂಡರು. ಕೊಳೆ ಕಡೆಯವರೂ ಕೊಳ್ಳುತ್ತಾರೆ ಎಂದು ಟೈಗೆ ನಾನೇ ದಾರಿ ತೋರಿಸಿದೆ.

ಪ್ರತಿ ತಿಂಗಳು ಬಿಲ್ಲು ಬರುತ್ತಿತ್ತು. ನಮ್ಮ ಕಟ್ಟಡಕ್ಕೆ ಮೆಟ್ಟಿಲ ಕೆಳಗೆ ಒಂದೇ ಟಪಾಲು ಡಬ್ಬಿ. ಅವಳ ಲಕೋಟೆಯನ್ನು ನಾನು ಬಿಡಿಸಿ ನೋಡುತ್ತಿದ್ದೆ. ಕುದಿಯುವ ನೀರಿನ ಹಬೆಗೆ ಹಿಡಿದರೆ ಅಂಟು ಬಿಡುತ್ತದೆ. ನೋಡಿ ಮತ್ತೆ ಅಂಟಿಸುತ್ತಿದ್ದೆ. ತಪ್ಪು ಅಂತ ಗೊತ್ತು. ಹೊಸದಾಗಿ ಏನು ತಂದಳು ಎಂದು ತಿಳಿಯದಿದ್ದರೆ ಊಟ ಸೇರುತ್ತಿರಲಿಲ್ಲ. ಎರಡನೇ ತಿಂಗಳು ಅವಳ ಬಿಲ್ಲಿನಲ್ಲಿ ಒಂದು ಸಾಲು ಕಂಡಿತು. ‘ಸುರಕ್ಷಾ ಯೋಜನೆ, 640.’ ಇದೇನು ಹೊಸದು? ಅವಳ ಮನೆಗೆ ಹೋಗಿ ಸಕ್ಕರೆ ಕೇಳುವ ನೆಪದಲ್ಲಿ ಮೂಲೆಮೂಲೆ ನೋಡಿದೆ. ಏನೂ ಇರಲಿಲ್ಲ. ವಾಪಸ್ ಬಂದು ನನ್ನ ಲಕೋಟೆ ಹರಿದೆ. ನನ್ನದರಲ್ಲೂ ಅದೇ ಸಾಲು ಇತ್ತು. ಅದೇ 640.

ಆಗ ನಾನು ಖುಷಿಪಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅದೇನೆಂದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಅವಳಿಗೆ ಇದ್ದದ್ದು ನನಗೂ ಇತ್ತು, ಅಷ್ಟು ಸಾಕಿತ್ತು. ತಿಂಗಳು ತಿಂಗಳೂ ಎರಡು ಬಿಲ್ಲನ್ನು ಪಕ್ಕಪಕ್ಕ ಇಟ್ಟು, ಬೆರಳು ಇಟ್ಟು, ಸಾಲು ಸಾಲು ತಾಳೆ ನೋಡಿ ಸಮಾಧಾನ ಪಡುತ್ತಿದ್ದೆ. ಜಗತ್ತಿನಲ್ಲಿ ಬೇರೆ ಯಾರೂ ತಮ್ಮ ಕಿಸೆ ಕತ್ತರಿಸಿದವನಿಗೆ ಹೀಗೆ ಲೆಕ್ಕ ಸರಿಯಿದೆ ಎಂದು ತಲೆಯಾಡಿಸಿರಲಿಕ್ಕಿಲ್ಲ.

ಕಾರ್ಡು ಬಂದು ಒಂದು ವರ್ಷ ಆಗುವ ಹೊತ್ತಿಗೆ ನನಗೆ ಸೂಜಿ ಚುಚ್ಚಿತು. ಚಾದರ ಕೊಡವುವಾಗ, ಹೆಬ್ಬೆರಳ ಬುಡಕ್ಕೆ, ಗ್ಲೌಸು ಹರಿದಿದ್ದ ಜಾಗದಲ್ಲಿ. ಯಾರ ರಕ್ತವೋ ಗೊತ್ತಿಲ್ಲ. ಮಾತ್ರೆ ಕೊಟ್ಟರು. ಮಾತ್ರೆಗೆ ತಲೆ ಸುತ್ತಿ, ವಾಂತಿ ಬಂದು, ನಾಲ್ಕು ವಾರ ಮಲಗಿದೆ. ಆ ನಾಲ್ಕು ವಾರಕ್ಕೆ ಸಂಬಳವಿಲ್ಲ. ಎರಡು ಕಂತು ತಪ್ಪಿತು. ಆಮೇಲೆ ದಂಡ, ದಂಡಕ್ಕೆ ಬಡ್ಡಿ, ಬಡ್ಡಿಗೆ ದಂಡ. ಮೂವತ್ತೆರಡು ಸಾವಿರದ ಮೆಷಿನ್ನಿಗೆ ಕಟ್ಟುತ್ತಾ ಕಟ್ಟುತ್ತಾ ಅರವತ್ತೊಂದು ಸಾವಿರ ಬಾಕಿಯಾಯಿತು. ಹೇಗೆ ಎಂದು ಕೇಳಿದರೆ ಫೋನಿನಲ್ಲಿ ಬೈದರು.

ಓರಗಿತ್ತಿಯದೂ ತಪ್ಪಿತ್ತು. ಮೈದುನನ ಕೆಲಸ ಹೋಗಿತ್ತು. ಬೆಳಗ್ಗೆ ಎಂಟಕ್ಕೆ ನನ್ನ ಫೋನು ಹೊಡೆದುಕೊಂಡರೆ, ಎಂಟೂ ಐದಕ್ಕೆ ಗೋಡೆಯಾಚೆ ಅವಳದು ಹೊಡೆದುಕೊಳ್ಳುತ್ತಿತ್ತು. ಅದನ್ನು ಕೇಳಿದರೆ ನನ್ನ ಉರಿ ಸ್ವಲ್ಪ ತಣ್ಣಗಾಗುತ್ತಿತ್ತು.

ವಸೂಲಿಯವರು ಲಾಂಡ್ರಿಗೂ ಬಂದರು. ಇಬ್ಬರು. ನಮ್ಮ ಬಾಗಿಲಲ್ಲಿ ನಿಂತು ಮೂಗಿಗೆ ಕರ್ಚೀಫು ಹಿಡಿದರು. ಬಿಳಿ ಬೂಟು ನನ್ನನ್ನು ಕೂಗಿದ. ಹಸಿರು ಕೋಟಿನಲ್ಲೇ ಹೋದೆ. ಕೋಟಿನ ಮುಂಭಾಗ ಒದ್ದೆಯಾಗಿತ್ತು. ಒಬ್ಬ ನೋಟೀಸು ಚಾಚಿದ. ನಾನು ಗ್ಲೌಸಿನ ಕೈ ಮುಂದೆ ಮಾಡಿದೆ. ಅವನು ಕೈ ಹಿಂದೆಗೆದುಕೊಂಡ. ಕಾಗದವನ್ನು ನೆಲಕ್ಕೆ ಹಾಕಿ ಬೂಟಿನ ತುದಿಯಿಂದ ನನ್ನ ಕಡೆ ತಳ್ಳಿದ.

“ಈ ನಾತಕ್ಕೆ ವಾಷಿಂಗ್ ಮೆಷಿನ್ ಬೇರೆ ಕೇಡು” ಅಂದ ಇನ್ನೊಬ್ಬ.

ನಮ್ಮ ಕಡೆಯ ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಬಗ್ಗಿ ಎತ್ತಿಕೊಂಡೆ. ಬಗ್ಗಿದ್ದು ಇನ್ನೂ ಬೆನ್ನಿನಲ್ಲಿದೆ. ಹದಿನಾಲ್ಕು ವರ್ಷ ಚಾದರಕ್ಕೆ ಬಗ್ಗಿದ್ದು ಅಷ್ಟು ನೋಯಲಿಲ್ಲ.

ಅದಾದ ವಾರಕ್ಕೆ ಓರಗಿತ್ತಿಯ ಫೋನು ಹೊಡೆದುಕೊಳ್ಳುವುದು ನಿಂತಿತು.

ಎಂಟಕ್ಕೆ ನನ್ನದು ಹೊಡೆಯಿತು. ಎಂಟೂ ಐದಕ್ಕೆ ಕಿವಿ ಗೋಡೆಗೆ ಹಚ್ಚಿ ಕಾದೆ. ಏನಿಲ್ಲ. ಮರುದಿನವೂ ಇಲ್ಲ. ತಿಂಗಳ ಕೊನೆಗೆ ಡಬ್ಬಿಯಲ್ಲಿ ಅವಳ ಲಕೋಟೆಯೂ ಇರಲಿಲ್ಲ. ಅವಳು ಬಟ್ಟೆ ಒಣಗಿಸುತ್ತಾ ಏನೋ ಗುನುಗುತ್ತಿದ್ದಳು. ಅವಳ ಮೆಷಿನ್ನಿನ ಮೇಲೆ ಪಟ್ಟ ಹೊಟ್ಟೆಕಿಚ್ಚು ಈ ಸದ್ದಿಲ್ಲದ ಬೆಳಗಿನ ಮೇಲೆ ಪಟ್ಟದ್ದರ ಮುಂದೆ ಏನೂ ಅಲ್ಲ. ಮೈಯೆಲ್ಲ ಉರಿಯಿತು.

ಹೀಗೇ ಎರಡು ತಿಂಗಳು ಕಳೆದ ಮೇಲೆ ಬಿಳಿ ಬೂಟು ಒಂದು ಕಾಗದ ತಂದ. ನಮ್ಮ ಕಡೆಯ ಆರೂ ಜನರಿಗೆ ಒಂದೊಂದು. ಸಂಬಳದಲ್ಲಿ ಮೂರನೇ ಒಂದು ಭಾಗ, ಮೂರು ವರ್ಷ, ನೇರ ಕಾರ್ಡಿನವರಿಗೆ. ಆಸ್ಪತ್ರೆಯೇ ಮುರಿದುಕೊಂಡು ಕಟ್ಟುತ್ತದೆ. ಹಳದಿ ಗೆರೆಯ ಆಚೆಯಿಂದ ಪೆನ್ನು ಚಾಚಿದ.

“ಸಹಿ ಹಾಕು.”

ಕಟ್ಟಲ್ಲ ಎಂದು ಹೇಳಬೇಕಿತ್ತು. ಬಾಯಿಗೆ ಬಂದಿತ್ತು.

“ಕೈ ಒದ್ದೆಯಿದೆ” ಅಂದೆ.

ಮರುದಿನವೂ ಕೇಳಿದ. “ಕೈ ಒದ್ದೆಯಿದೆ.” ಮೂರನೇ ದಿನವೂ ನನ್ನ ಕೈ ಒದ್ದೆಯಾಗಿತ್ತು. ನನ್ನನ್ನು ನೋಡಿ ಉಳಿದ ಐವರ ಕೈಯೂ ಒದ್ದೆಯಾಯಿತು. ಬಿಳಿ ಬೂಟು ಹಲ್ಲು ಕಡಿದ. “ಈ ತಿಂಗಳ ಕೊನೆಗೆ ಕೈ ಒಣಗದಿದ್ರೆ ಸೋಮವಾರದಿಂದ ಬರಬೇಡಿ.”

ನನ್ನ ಸಂಬಳದಲ್ಲಿ ಮೂರನೇ ಒಂದು ಭಾಗ ಹೋದರೆ ಬಾಡಿಗೆ ಉಳಿಯುತ್ತದೆ, ಅನ್ನ ಉಳಿಯುವುದಿಲ್ಲ. ಇಲ್ಲವೇ ಅನ್ನ ಉಳಿಯುತ್ತದೆ, ಮನೆ ಉಳಿಯುವುದಿಲ್ಲ. ಸಹಿ ಹಾಕದಿದ್ದರೆ ಎರಡೂ ಇಲ್ಲ.

ಗಂಟುಗಳನ್ನು ತರುವ ಗಾಡಿಯ ಡ್ರೈವರ್ ಒಬ್ಬ ಇದ್ದಾನೆ. ಮೂಗು ಮುಚ್ಚದೆ ನಮ್ಮ ಜೊತೆ ಮಾತಾಡುವವನು ಅವನೊಬ್ಬನೇ. ಅವನೇ ಹೇಳಿದ್ದು, ಗ್ರಾಹಕರ ದೂರು ಕೇಳುವ ಕಚೇರಿ ಇದೆ, ಬಿಟ್ಟಿಯಾಗಿ ಬರೆದುಕೊಳ್ಳುತ್ತಾರೆ ಎಂದು. ಹೋದೆ. ಅಲ್ಲಿಯ ಗುಮಾಸ್ತೆ ನನ್ನ ಬಿಲ್ಲುಗಳನ್ನೆಲ್ಲ ಓದಿದಳು. ಸುರಕ್ಷಾ ಯೋಜನೆಯ ಸಾಲಿನ ಮೇಲೆ ಅವಳ ಪೆನ್ಸಿಲು ನಿಂತಿತು.

“ಇದು ವಿಮೆ. ನೀವು ಕಾಯಿಲೆ ಬಿದ್ರೆ ನಿಮ್ಮ ಕಂತು ಇವರೇ ಕಟ್ಟಬೇಕು. ನೀವು ಮಲಗಿದ್ದಾಗ ಕಟ್ಟಿದ್ರಾ?”

“ಇಲ್ಲ.”

ಅವಳೇ ಫೋನ್ ಮಾಡಿ ಕೇಳಿದಳು. ಕೊಳೆ ಬಟ್ಟೆ ಮುಟ್ಟುವ ಕೆಲಸ ಅಪಾಯದ ಕೆಲಸ, ಅವರಿಗೆ ಯೋಜನೆ ಅನ್ವಯಿಸುವುದಿಲ್ಲವಂತೆ. ಅನ್ವಯಿಸದ ಯೋಜನೆಗೆ ನನ್ನಿಂದ ತಿಂಗಳು ತಿಂಗಳೂ 640 ಕಿತ್ತಿದ್ದರು. ಮಡಿಸುವವರಿಗೂ ನನಗೂ ಒಂದೇ ದುಡ್ಡು. ಆದರೆ ಕಾಯಿಲೆ ಬಿದ್ದರೆ ಅವರು ಮನುಷ್ಯರು.

“ಈ ಯೋಜನೆ ನೀವು ಕೇಳಿದ್ರಾ?” ಗುಮಾಸ್ತೆ ಕೇಳಿದಳು.

“ನಾನ್ಯಾಕೆ ಕೇಳಲಿ? ಕೇಳಿಲ್ಲ.”

ಬರೆದುಕೊಂಡಳು. ವಿಚಾರಣೆಗೆ ತಾರೀಖು ಕೊಟ್ಟಳು. ತಿಂಗಳ ಕೊನೆಯ ದಿನವೇ ಅದು.

ಆ ಸಂಜೆ ಓರಗಿತ್ತಿಯ ಬಾಗಿಲು ಬಡಿದೆ. ಮಾತು ಸುತ್ತಿಸಲಿಲ್ಲ.

“ನಿನ್ನ ಫೋನು ಯಾಕೆ ಹೊಡ್ಕೊಳ್ತಿಲ್ಲ?”

ಅವಳ ಮುಖ ಬಿಳಿಚಿತು. “ಅಕ್ಕ, ಒಳಗೆ ಬಾ.”

“ಇಲ್ಲೇ ಹೇಳು.”

“ಹೇಳೋ ಹಾಗಿಲ್ಲ. ಬರೆಸ್ಕೊಂಡಿದ್ದಾರೆ.”

ಆದರೂ ಹೇಳಿದಳು. ವಸೂಲಿಯವರು ಶುಭ್ರ ಕಡೆಗೂ ಹೋಗಿ ಕೂಗಾಡಿದ್ದರು. ಅಲ್ಲಿಗೆ ನರ್ಸುಗಳು ಬರುತ್ತಾರೆ, ರೋಗಿಗಳ ಕಡೆಯವರು ಬರುತ್ತಾರೆ. ಎಲ್ಲರೂ ನೋಡಿದರು. ಆಸ್ಪತ್ರೆಯವರಿಗೆ ಮರ್ಯಾದೆ ಹೋಯಿತು. ಅವರು ಕಾರ್ಡಿನವರನ್ನು ಕರೆಸಿ, ಏನಾದರೂ ಮಾಡಿ ಮುಗಿಸಿ, ಇಲ್ಲಿ ಕಾಲಿಡಬೇಡಿ ಅಂದರು. ಮಡಿಸುವವರಿಗೆಲ್ಲ ಸೆಟ್ಲ್‌ಮೆಂಟ್ ಆಯಿತು. ಬಾಕಿಯಲ್ಲಿ ಅರ್ಧ ಮನ್ನಾ. ಯೋಜನೆಯ ದುಡ್ಡು ವಾಪಸ್. ಉಳಿದದ್ದು ಸಣ್ಣ ಸಣ್ಣ ಕಂತು. ಯಾರಿಗಾದರೂ ಬಾಯಿಬಿಟ್ಟರೆ ಮನ್ನಾ ರದ್ದು, ಪೂರ್ತಿ ಕಟ್ಟಬೇಕು.

ನಮ್ಮ ಕಡೆ ಯಾರೂ ನೋಡುವವರಿಲ್ಲ. ಹಾಗಾಗಿ ನಮ್ಮ ಮರ್ಯಾದೆ ಹೋದರೂ ಯಾರದ್ದೂ ಹೋಗಲಿಲ್ಲ.

“ಮೂರು ತಿಂಗಳು” ಅಂದೆ. “ಮೂರು ತಿಂಗಳು ಗೋಡೆಯಾಚೆ ನನ್ನ ಫೋನು ಹೊಡ್ಕೊಳ್ಳೋದು ಕೇಳ್ತಾ ಕೂತಿದ್ದೀಯ.”

“ಹೇಳಿದ್ರೆ ಪೂರ್ತಿ ಕೇಳ್ತಾರೆ ಅಕ್ಕ. ಮನೆಯವರಿಗೂ ಕೆಲಸ ಇಲ್ಲ. ನಾನೇನು ಮಾಡ್ಲಿ?”

“ನೀನು ಮಡಿಸೋ ಒಂದೊಂದು ಚಾದರವೂ ನನ್ನ ಕೈ ದಾಟಿ ಬಂದದ್ದು ಕಣೇ. ನಾನು ಮುಟ್ಟದಿದ್ರೆ ನಿನ್ನ ಕೋಟು ಬಿಳಿ ಇರಲ್ಲ.”

ಅವಳು ಅತ್ತಳು. ಅವಳ ಅಳುವೂ ಚೆನ್ನಾಗಿಯೇ ಇತ್ತು, ಮೂಗು ಕೆಂಪಾಗಿ. ನಾನು ಅತ್ತರೆ ಮುಖ ಊದಿಕೊಳ್ಳುತ್ತದೆ. ಬಾಗಿಲು ಎಳೆದುಕೊಂಡು ಬಂದೆ. ಆಮೇಲೆ ವಿಚಾರಣೆಯ ದಿನದವರೆಗೂ ಮಾತಿಲ್ಲ.

ವಿಚಾರಣೆಗೆ ನಾನು ಎರಡು ಬಸ್ಸು ಬದಲಿಸಿ ಹೋದೆ. ಅರ್ಧ ದಿನದ ಸಂಬಳ ಹೋಯಿತು. ಮೆಟ್ಟಿಲು ಹತ್ತುವಾಗ ನೋಡುತ್ತೇನೆ, ಒಂದು ಕಾರು ಬಂದು ನಿಂತಿತು. ಓರಗಿತ್ತಿ ಇಳಿದಳು. ಕಾರ್ಡಿನ ಕಂಪನಿಯವರು ಕಾರು ಕಳಿಸಿದ್ದರು. ನನ್ನ ವಿರುದ್ಧ ಸಾಕ್ಷಿ ಹೇಳಲು. ಅವಳು ಕೂದಲಿಗೆ ಹೊಸ ಕ್ಲಿಪ್ಪು ಹಾಕಿದ್ದಳು. ನನಗೆ ಸಿಟ್ಟು ಬಂದದ್ದು ಸಾಕ್ಷಿಗೋ ಕಾರಿಗೋ ಹೇಳಲಾರೆ. ಕಾರಿಗೇ ಇರಬೇಕು.

ಸಣ್ಣ ಕೋಣೆ. ಉದ್ದ ಮೇಜು. ತಲೆಯ ಹತ್ತಿರ ವಿಚಾರಣೆಯ ಅಧಿಕಾರಿ, ನನ್ನ ಅತ್ತೆಯ ವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಅವರ ಪಕ್ಕ ಗುಮಾಸ್ತೆ. ಒಂದು ಕಡೆ ಕಂಪನಿಯ ವಕೀಲ, ಅವನ ಹಿಂದೆ ಟೈ, ಟೈಯ ಪಕ್ಕ ನನ್ನ ಓರಗಿತ್ತಿ. ಇನ್ನೊಂದು ಕಡೆ ನಾನು. ನನ್ನ ಹಿಂದೆ ನಮ್ಮ ಕಡೆಯ ಇಬ್ಬರು, ಸ್ನಾನ ಮಾಡಿ ಬಂದವರು.

“ಈ ಯೋಜನೆ ತಾನು ಕೇಳಲೇ ಇಲ್ಲ ಅಂತ ದೂರಿನಲ್ಲಿ ಬರೆಸಿದ್ದಾರೆ” ಎಂದ ವಕೀಲ. “ದಯವಿಟ್ಟು ಇದನ್ನ ಕೇಳಿ.”

ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಗರಗರ ಎಂದಿತು. ಆಮೇಲೆ ನನ್ನ ದನಿ ಬಂತು. ಏದುಸಿರು ಬಿಡುತ್ತಿತ್ತು.

“ನೋಡಿ, ನೀವು ಹೇಳೋದೆಲ್ಲ ನಂಗೆ ಬೇಡ. ನನ್ನ ಓರಗಿತ್ತಿಗೆ ಏನೇನು ಕೊಟ್ಟಿದ್ದೀರೋ ಅದೆಲ್ಲ ನನಗೂ ಕೊಡಿ. ಒಂದೂ ಕಮ್ಮಿ ಇರಬಾರದು.”

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತೆ ತಲೆ ತಗ್ಗಿಸಿದಳು. ನನ್ನ ಕಿವಿ ಕಾದವು. ಬಟ್ಟೆ ಬಿಚ್ಚಿ ನಿಲ್ಲಿಸಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಳ ಕಡೆ ನೋಡಲಿಲ್ಲ. ಅವಳು ನನ್ನ ಕಡೆ ನೋಡುತ್ತಿದ್ದಾಳೆ ಎಂದು ಗೊತ್ತಿತ್ತು.

ವಕೀಲ ಅವಳ ಕಡೆ ತಿರುಗಿದ. “ನಿಮ್ಮ ಓರಗಿತ್ತಿಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು, ಅಲ್ವಾ?”

“ಹೌದು” ಅಂದಳು. ಸ್ವಲ್ಪ ತಡೆದು, “ನನಗೂ ಅವರ ಮೇಲೆ ಇದೆ. ಅವರದ್ದು ಎಂಟು ಕೆಜಿ.”

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. ನಾನು ನಗಲಿಲ್ಲ. ಹಾಳಾದವಳು ಇಷ್ಟು ದಿನ ಇದನ್ನು ನನಗೆ ಹೇಳಿರಲಿಲ್ಲ.

“ಅಷ್ಟೇ ಮೇಡಂ” ಎಂದ ವಕೀಲ. “ಅವರೇ ಬಾಯಿಬಿಟ್ಟು ಕೇಳಿದ್ದಾರೆ. ನಾವು ಕೊಟ್ಟಿದ್ದೀವಿ.” ಕಾಗದಗಳನ್ನು ಜೋಡಿಸತೊಡಗಿದ.

ನನ್ನ ತಲೆಯಲ್ಲಿ ಆ ದನಿ ಇನ್ನೂ ಓಡುತ್ತಿತ್ತು. ಏನೇನು ಕೊಟ್ಟಿದ್ದೀರೋ ಅದೆಲ್ಲ. ಏನೇನು ಕೊಟ್ಟಿದ್ದಾರೆ ಅವಳಿಗೆ? ಎದ್ದು ನಿಂತೆ.

“ಇನ್ನೊಂದು ಸಲ ಹಾಕಿ.”

“ಯಾಕಮ್ಮ?” ವಕೀಲ ಹುಬ್ಬು ಹಾರಿಸಿದ.

“ಹಾಕಿ ಅಂದೆ. ಕೊನೇವರೆಗೂ ಹಾಕಿ. ನಡುವೆ ನಿಲ್ಲಿಸಿದ್ದೀರ.”

ಅಧಿಕಾರಿ ಕನ್ನಡಕ ಸರಿಸಿದರು. “ಹಾಕಿ” ಅಂದರು.

ಮತ್ತೆ ನನ್ನ ಏದುಸಿರು. ಮತ್ತೆ ಒಂದೂ ಕಮ್ಮಿ ಇರಬಾರದು. ಈ ಸಲ ಯಾರೂ ಗುಂಡಿ ಒತ್ತಲಿಲ್ಲ. ಟೈಯ ದನಿ ಬಂತು, ನಗುತ್ತಾ ಹೇಳುತ್ತಿತ್ತು. “ಆಯ್ತಮ್ಮ, ಅವರಿಗೆ ಕೊಟ್ಟಿದ್ದು, ಕೊಡೋದು, ಎಲ್ಲ ನಿಮಗೂ. ಒಂದೂ ಕಮ್ಮಿ ಆಗಲ್ಲ. ನಾನು ಗ್ಯಾರಂಟಿ.”

“ಅವಳಿಗೆ ಅರ್ಧ ಮನ್ನಾ ಕೊಟ್ಟಿದ್ದಾರೆ” ಅಂದೆ. “ಯೋಜನೆ ದುಡ್ಡು ವಾಪಸ್ ಕೊಟ್ಟಿದ್ದಾರೆ. ನನಗೆ ಕೊಟ್ಟಿಲ್ಲ. ನನಗೆ ಸಂಬಳ ಮುರಿಯೋ ಕಾಗದ ಕೊಟ್ಟಿದ್ದಾರೆ. ಮಾತು ನಂದು ಹಿಡಿದ್ರೆ ಪೂರ್ತಿ ಹಿಡೀರಿ.”

ಅಧಿಕಾರಿ ವಕೀಲನನ್ನು ನೋಡಿದರು. “ಅಂಥ ಮನ್ನಾ ಏನಾದ್ರೂ ಇದೆಯಾ?”

“ಇದ್ದರೂ ಅದು ಗೌಪ್ಯ ಮೇಡಂ. ಇವರ ಹತ್ರ ಪುರಾವೆ ಇದೆಯಾ? ಅಲ್ಲದೆ ಆ ವರ್ಗದ ಕೆಲಸಗಾರರಿಗೆ ಅದೆಲ್ಲ ಅನ್ವಯಿಸಲ್ಲ.”

ಆ ವರ್ಗ ಎನ್ನುವಾಗ ನಮ್ಮ ಮೂವರ ಕಡೆ ಪೆನ್ನು ಆಡಿಸಿದ. ನನ್ನ ಹತ್ತಿರ ಪುರಾವೆ ಇರಲಿಲ್ಲ. ಅವಳ ಎಷ್ಟೋ ಲಕೋಟೆ ಬಿಡಿಸಿದ್ದೆ. ಬೇಕಾದ ಒಂದು ಕಾಗದ ಮಾತ್ರ ನನ್ನ ಕೈಗೆ ಬಂದಿರಲಿಲ್ಲ. ಕೂತುಬಿಡೋಣ ಎನಿಸಿತು. ಸೋಮವಾರ ಕೈ ಒರೆಸಿಕೊಂಡು ಸಹಿ ಹಾಕಿಬಿಡೋಣ ಎನಿಸಿತು.

ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಓರಗಿತ್ತಿ ಎದ್ದಿದ್ದಳು. ಕೈಚೀಲದಿಂದ ಒಂದು ಕಾಗದ ತೆಗೆದಳು. ಆಸ್ಪತ್ರೆಯ ಚಾದರ ಮಡಿಸುವ ಹಾಗೇ ಮಡಿಸಿದ್ದಳು, ಅಂಚಿಗೆ ಅಂಚು ಕೂಡಿಸಿ, ಮೂಲೆ ಒಳಗೆ ಸೇರಿಸಿ. ಅದನ್ನು ಬಿಡಿಸಿ ಅಧಿಕಾರಿಯ ಮುಂದೆ ಇಟ್ಟು ಅಂಗೈಯಿಂದ ಸುಕ್ಕು ತೆಗೆದಳು.

“ನಾನು ಮಡಿಸೋ ಒಂದೊಂದು ಚಾದರವೂ ಇವರ ಕೈ ದಾಟಿ ಬರ್ತದೆ ಮೇಡಂ. ಇವರು ಮುಟ್ಟದಿದ್ರೆ ನನ್ನ ಕೋಟು ಬಿಳಿ ಇರಲ್ಲ.”

ಅದು ನನ್ನ ಮಾತು. ಅಕ್ಷರ ಬಿಡದೆ ನನ್ನದೇ. ಅವಳ ಬಾಯಲ್ಲಿ ನನ್ನ ಬಾಯಿಗಿಂತ ಚೆನ್ನಾಗಿ ಕೇಳಿಸಿತು.

ವಕೀಲ ಎದ್ದ. “ನೋಡಮ್ಮ, ಈ ಕಾಗದ ತೋರಿಸಿದ್ರೆ ಏನಾಗುತ್ತೆ ಅಂತ ಸಹಿ ಹಾಕಿದ್ದೀಯ. ಮನ್ನಾ ರದ್ದಾಗುತ್ತೆ. ಪೂರ್ತಿ ಕಟ್ಟಬೇಕು. ಬಡ್ಡಿ ಸಮೇತ.”

ಅವಳು ಅವನ ಕಡೆ ತಿರುಗಿದಳು.

“ಕಟ್ಟಲ್ಲ.”

ಅಷ್ಟೇ. ಒಂದೇ ಮಾತು. ನಾನು ತಿಂಗಳಿನಿಂದ ಕೊಳೆ ಚಾದರಗಳ ಮುಂದೆ ನಿಂತು ಅಭ್ಯಾಸ ಮಾಡಿದ ಮಾತು. ಬಿಳಿ ಬೂಟಿನ ಮುಂದೆ ಬಾಯಿಂದ ಹೊರಬಾರದೆ, ಕೈ ಒದ್ದೆಯಿದೆ, ಕೈ ಒದ್ದೆಯಿದೆ ಎಂದು ಮೂರು ದಿನ ತಪ್ಪಿಸಿಕೊಂಡ ಮಾತು. ಅದನ್ನು ಅವಳು, ನನ್ನ ಮೈದುನನ ಹೆಂಡತಿ, ನಾನೇ ಕೈಹಿಡಿದು ಕೆಲಸಕ್ಕೆ ಸೇರಿಸಿದವಳು, ನನಗಿಂತ ಮೊದಲು ಹೇಳಿಬಿಟ್ಟಳು. ಹೊಟ್ಟೆಯೊಳಗೆ ಆ ಹಳೆಯ ಮೆಷಿನ್ ಜೋರಾಗಿ ಸುತ್ತಿತು. ಅವಳ ಯಾವ ಸಾಮಾನಿನ ಮೇಲೂ ನನಗೆ ಅಷ್ಟು ಆಸೆಯಾಗಿರಲಿಲ್ಲ.

ಗುಮಾಸ್ತೆ ಬರೆದುಕೊಳ್ಳುತ್ತಿದ್ದಳು. ನಾನು ಮೇಜಿನ ಮೇಲೆ ಕೈಯಿಟ್ಟೆ. ಕೈ ಒಣಗಿತ್ತು.

“ಅವಳು ಹೇಳಿದ್ದು ನನ್ನ ಹೆಸರಲ್ಲೂ ಬರ್ಕೊಳ್ಳಮ್ಮ” ಅಂದೆ. “ಒಂದೂ ಕಮ್ಮಿ ಇರಬಾರದು.”